ಹಾಲ್ಸ್ ಗ್ಯಾಪ್‌ಗೆ ಹೊರಟಿದ್ದೀರಾ? ಜಾಗ ಆಮೇಲೆ, ಮೊದಲು ದಾರಿ ಆರಿಸಿಕೊಳ್ಳಿ

ಮೆಲ್ಬರ್ನ್‌ನಲ್ಲಿರುವ ನಮ್ಮವರಿಗೆ ಸಾಲಾಗಿ ಮೂರು ದಿನ ರಜೆ ಸಿಕ್ಕಿತು ಅಂದರೆ ಹಾಲ್ಸ್ ಗ್ಯಾಪ್ ಸುತ್ತಲಿನ ಗ್ರ್ಯಾಂಪಿಯನ್ಸ್ ಬೆಟ್ಟಸಾಲಿನ ಹೆಸರು ಬಂದೇ ಬರುತ್ತದೆ. ನಾವು ಅಲ್ಲಿಗೆ ಏಳು ಸಲ ಹೋಗಿ ಬಂದಿದ್ದೇವೆ. ಹಾಗಾಗಿ ಗೆಳೆಯರು ಫೋನ್ ಮಾಡಿ "ಅಲ್ಲಿ ಏನೇನು ನೋಡಬೇಕು ಹೇಳಿ" ಅಂತ ಕೇಳುತ್ತಾರೆ. ನಾನು ಅವರನ್ನು ತಿರುಗಿ ಕೇಳುವುದು ಒಂದೇ ಮಾತು: ಜೊತೆಗೆ ಯಾರ್ಯಾರು ಬರ್ತಿದ್ದಾರೆ?

ಯಾಕೆ ಅಂದರೆ, ಅಲ್ಲಿನ ಹೆಸರಾದ ಜಾಗಗಳು ನಾಲ್ಕೈದೇ. ಅವು ಎಲ್ಲ ಪಟ್ಟಿಯಲ್ಲೂ ಇರುತ್ತವೆ. ಆದರೆ ಒಂದೊಂದು ಜಾಗಕ್ಕೂ ಎರಡು ಮೂರು ದಾರಿ ಇವೆ, ಒಂದು ಸುಲಭದ್ದು, ಇನ್ನೊಂದು ಉಸಿರು ಕಟ್ಟಿಸುವಂಥದ್ದು. ಪಟ್ಟಿ ಹಿಡಿದು ಹೊರಟವರು ಫೋನಿನ ನಕಾಶೆ ತೋರಿಸಿದ ಮೊದಲ ಕಾರ್ ಪಾರ್ಕ್‌ಗೆ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ಊರಿನಿಂದ ಬಂದ ಅಪ್ಪ ಅಮ್ಮನನ್ನು ಹತ್ತಿಸಲು ಹೊರಟು, ಅರ್ಧ ದಾರಿಯಲ್ಲಿ ಸುಸ್ತಾಗಿ, ಮುಖ ಸಪ್ಪೆ ಮಾಡಿಕೊಂಡು ಇಳಿದು ಬರುತ್ತಾರೆ. ಅದೇ ಜಾಗಕ್ಕೆ ಬೇರೆ ಕಡೆಯಿಂದ ಹೋಗಿದ್ದರೆ ಎಲ್ಲರೂ ನೋಡಬಹುದಿತ್ತು. ಅದಕ್ಕೇ ಈ ಹೋಲಿಕೆ.

ಮೊದಲು ಊರಿನ ಬಗ್ಗೆ ಸ್ವಲ್ಪ. ಹಾಲ್ಸ್ ಗ್ಯಾಪ್ ಅನ್ನುವುದು ವಿಕ್ಟೋರಿಯಾ ರಾಜ್ಯದ ಪಶ್ಚಿಮ ಭಾಗದ ಒಂದು ಪುಟ್ಟ ಹಳ್ಳಿ. ಮೆಲ್ಬರ್ನ್‌ನಿಂದ ಬಲ್ಲರಾಟ್, ಅರರಾಟ್ ದಾಟಿಕೊಂಡು ಸುಮಾರು 250 ಕಿಲೋಮೀಟರ್, ನಿಲ್ಲದೆ ಹೋದರೆ ಮೂರು ಗಂಟೆ. ಊರಲ್ಲಿ ಇರುವುದು ಸುಮಾರು 500 ಜನ. ಒಂದು ಬೀದಿ, ನಾಲ್ಕು ಅಂಗಡಿ, ಒಂದು ಬೇಕರಿ, ಎರಡೂ ಕಡೆ ಗೋಡೆ ಎಬ್ಬಿಸಿದ ಹಾಗೆ ಮರಳುಗಲ್ಲಿನ ಬೆಟ್ಟ. ಬಾದಾಮಿಯ ಬಂಡೆ ನೋಡಿದವರಿಗೆ ಕಲ್ಲಿನ ಬಣ್ಣ ಕೂಡಲೇ ಗುರುತು ಸಿಗುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಜಾಬ್ ವುರುಂಗ್ ಮತ್ತು ಜಾರ್ಡ್‌ವಾಡ್ಜಲಿ ಜನ ಈ ಬೆಟ್ಟಸಾಲನ್ನು ಗರಿವೆರ್ಡ್ ಅನ್ನುತ್ತಾರೆ. ಗ್ರ್ಯಾಂಪಿಯನ್ಸ್ ಅನ್ನುವುದು 1836ರಲ್ಲಿ ಸರ್ವೇಯರ್ ಥಾಮಸ್ ಮಿಚೆಲ್ ತನ್ನ ಸ್ಕಾಟ್ಲೆಂಡಿನ ಬೆಟ್ಟಗಳನ್ನು ನೆನೆದು ಇಟ್ಟ ಹೆಸರು. ಈಗ ಬೋರ್ಡುಗಳಲ್ಲಿ ಎರಡು ಹೆಸರೂ ಕಾಣುತ್ತವೆ. ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಶುಲ್ಕ ಇಲ್ಲ. ನಾಯಿ ಕರೆದುಕೊಂಡು ಹೋಗುವ ಹಾಗಿಲ್ಲ, ಡ್ರೋನ್ ಹಾರಿಸುವ ಹಾಗಿಲ್ಲ.

ಪಿನಕಲ್: ಮೂರು ದಾರಿ, ಮೂರು ಬೇರೆ ಬೇರೆ ದಿನ

ಪಿನಕಲ್ ಅಂದರೆ ಬಂಡೆಯ ತುದಿಯಲ್ಲಿ ಕಂಬಿ ಹಾಕಿದ ಒಂದು ನೆತ್ತಿ. ಅಲ್ಲಿ ನಿಂತರೆ ಕಾಲಡಿಯಲ್ಲೇ ಹಾಲ್ಸ್ ಗ್ಯಾಪ್, ಪಕ್ಕದಲ್ಲಿ ಬೆಲ್‌ಫೀಲ್ಡ್ ಕೆರೆ, ಎದುರಿಗೆ ಮೌಂಟ್ ವಿಲಿಯಂ ಸಾಲು. ಇಲ್ಲಿಗೆ ಬಂದವರು ಒಂದೇ ಒಂದು ಚಾರಣ ಮಾಡುವುದಾದರೆ ಇದನ್ನೇ ಮಾಡಿ. ಆದರೆ ಎಲ್ಲಿಂದ ಅನ್ನುವುದನ್ನು ಹಿಂದಿನ ರಾತ್ರಿಯೇ ತೀರ್ಮಾನ ಮಾಡಿ.

ವಂಡರ್‌ಲ್ಯಾಂಡ್ ಕಾರ್ ಪಾರ್ಕ್‌ನಿಂದ ಹೋದರೆ ಒಂದು ಕಡೆಗೆ ಎರಡು ಕಿಲೋಮೀಟರ್ ಆಸುಪಾಸು. ಕೇಳಲು ಕಮ್ಮಿ ಅನ್ನಿಸುತ್ತದೆ ಅಲ್ವಾ? ಆದರೆ ಶುರುವಿನಿಂದಲೇ ಏರು. ಮೊದಲು ಗ್ರ್ಯಾಂಡ್ ಕ್ಯಾನ್ಯನ್ ಅನ್ನುವ ಬಂಡೆಗಳ ಓಣಿ, ಕಲ್ಲಿನ ಮೆಟ್ಟಿಲು, ಕಬ್ಬಿಣದ ಏಣಿ. ಆಮೇಲೆ ತುದಿಗೆ ಹತ್ತಿರ ಬಂದಾಗ ಸೈಲೆಂಟ್ ಸ್ಟ್ರೀಟ್ ಅನ್ನುವ ಸೀಳು. ಈ ಸೀಳನ್ನು ನಾನು ಮರೆಯುವುದೇ ಇಲ್ಲ. ಎರಡು ಬಂಡೆಗಳ ನಡುವೆ ಒಬ್ಬರು ಹೋಗುವಷ್ಟೇ ಜಾಗ, ಎರಡೂ ಭುಜಕ್ಕೆ ತಣ್ಣಗೆ ಕಲ್ಲು ತಾಗುತ್ತದೆ, ಬಂಡೆ ಮೇಲೆ ಹಸಿರು ಪಾಚಿ, ತಲೆ ಎತ್ತಿದರೆ ಒಂದು ಗೆರೆ ಆಕಾಶ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಬಾವಿಯ ತಂಪು. ಅಲ್ಲಿಯವರೆಗೆ ಒಂದೇ ಸಮ ಮಾತಾಡುತ್ತಿದ್ದ ನನ್ನ ಮಗಳು ಅದರೊಳಗೆ ಹೋದ ಕೂಡಲೇ ಸುಮ್ಮನಾದಳು, ಹೊರಗೆ ಬಂದ ಮೇಲೆ "ಇನ್ನೊಂದ್ ಸಲ ಹೋಗೋಣ" ಅಂದಳು. ಏಳೆಂಟು ವರ್ಷ ದಾಟಿದ ಮಕ್ಕಳು, ಮಂಡಿ ಗಟ್ಟಿ ಇರುವ ದೊಡ್ಡವರು ಇದೇ ದಾರಿ ಹಿಡಿಯಬೇಕು. ಹೋಗಿ ಬರಲು ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ.

ಸನ್‌ಡಯಲ್ ಕಾರ್ ಪಾರ್ಕ್‌ನಿಂದ ಹೋದರೂ ದೂರ ಹೆಚ್ಚುಕಮ್ಮಿ ಅಷ್ಟೇ. ಆದರೆ ನೀವು ಕಾರಿನಲ್ಲೇ ಅರ್ಧ ಬೆಟ್ಟ ಹತ್ತಿಬಿಟ್ಟಿರುತ್ತೀರಿ. ಆಮೇಲೆ ಮರಗಳ ನಡುವೆ ನಿಧಾನವಾಗಿ ಏರುವ ಹಾದಿ, ಕೊನೆಯಲ್ಲಿ ಮಾತ್ರ ಸ್ವಲ್ಪ ಒರಟು ಬಂಡೆ. ನನ್ನ ಅಪ್ಪ ಅರವತ್ತೆಂಟನೇ ವಯಸ್ಸಿನಲ್ಲಿ ಒಂದು ಕೋಲು ಹಿಡಿದುಕೊಂಡು, ನಾಲ್ಕು ಕಡೆ ಕೂತು, ಒಂದೂವರೆ ಗಂಟೆಯಲ್ಲಿ ಈ ದಾರಿಯಿಂದ ತುದಿ ಮುಟ್ಟಿದರು. ಗ್ರ್ಯಾಂಡ್ ಕ್ಯಾನ್ಯನ್ ಮತ್ತು ಸೈಲೆಂಟ್ ಸ್ಟ್ರೀಟ್ ಇಲ್ಲಿ ಸಿಗುವುದಿಲ್ಲ, ಅದು ನಿಜವಾದ ನಷ್ಟ. ಆದರೆ ತುದಿಯಲ್ಲಿ ಕಾಣುವುದು ಅದೇ ನೋಟ. ನಾವು ಅವತ್ತು ಎರಡು ತಂಡ ಮಾಡಿಕೊಂಡೆವು. ನಾನು, ಮಗಳು ವಂಡರ್‌ಲ್ಯಾಂಡ್ ಕಡೆಯಿಂದ, ನನ್ನ ಹೆಂಡತಿ ಮತ್ತು ಅಪ್ಪ ಸನ್‌ಡಯಲ್ ಕಡೆಯಿಂದ. ಮೇಲೆ ಸಿಕ್ಕಿ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದೆವು. ಎರಡು ಕಾರು, ಇಬ್ಬರು ಡ್ರೈವರ್ ಇದ್ದರೆ ಇದಕ್ಕಿಂತ ಒಳ್ಳೆ ಏರ್ಪಾಡು ಇಲ್ಲ.

ಮೂರನೆಯದು ಊರಿನಿಂದಲೇ ನಡೆದು ಹೋಗುವುದು. ಹೋಗಿ ಬರಲು ಹತ್ತು ಕಿಲೋಮೀಟರ್‌ಗೆ ಹತ್ತಿರ, ಐದು ಗಂಟೆ. ವಾರಕ್ಕೊಮ್ಮೆಯಾದರೂ ಬೆಟ್ಟ ಹತ್ತುವ ಅಭ್ಯಾಸ ಇದ್ದವರಿಗೆ ಚೆನ್ನ. ಲಾಂಗ್ ವೀಕೆಂಡ್‌ನಲ್ಲಿ ವಂಡರ್‌ಲ್ಯಾಂಡ್ ಕಾರ್ ಪಾರ್ಕ್ ಬೆಳಿಗ್ಗೆ ಒಂಬತ್ತಕ್ಕೇ ತುಂಬಿರುತ್ತದೆ. ಆಗ ಸುತ್ತಾಡಿ ಜಾಗ ಹುಡುಕುವ ಗೋಳಿಲ್ಲ ಅನ್ನುವುದು ಇದರ ಇನ್ನೊಂದು ಲಾಭ.

ಮೆಕೆಂಜಿ ಜಲಪಾತ: ಕೆಳಗೆ ಇಳಿಯಬೇಕಾ, ಮೇಲಿಂದ ನೋಡಬೇಕಾ

ಊರಿನಿಂದ ಸುಮಾರು 20 ಕಿಲೋಮೀಟರ್ ತಿರುವಿನ ರಸ್ತೆ. ಘಾಟಿ ರಸ್ತೆಯಲ್ಲಿ ವಾಂತಿ ಆಗುವ ಮಕ್ಕಳಿದ್ದರೆ ಹುಣಸೆಹಣ್ಣಿನ ಮಿಠಾಯಿ ಜೇಬಿನಲ್ಲಿರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೋಗ ನೋಡಿದ ಕಣ್ಣಿಗೆ ಇದು ಸಣ್ಣದು. ಜೋಗದ ರಾಜ 253 ಮೀಟರ್, ಇದು ಸುಮಾರು 35 ಮೀಟರ್. ಎತ್ತರದ ಲೆಕ್ಕ ಹಿಡಿದು ಹೋದರೆ ಸಪ್ಪೆ ಅನ್ನಿಸುತ್ತದೆ. ಆದರೆ ಇಷ್ಟು ಒಣ ಸೀಮೆಯಲ್ಲಿ, ವರ್ಷವಿಡೀ ನೀರು ಇರುವ ಜಲಪಾತ ಇದು. ಅಗಲವಾದ ಬಂಡೆಯ ಮೇಲಿಂದ ಬಿಳಿ ಪರದೆ ಬಿಟ್ಟ ಹಾಗೆ ಇಳಿಯುತ್ತದೆ, ಮತ್ತು ಅದರ ಬುಡದ ತನಕ ಹೋಗಿ ನಿಲ್ಲಬಹುದು. ತುಂತುರು ಕನ್ನಡಕದ ಮೇಲೆ ಕೂರುವಷ್ಟು ಹತ್ತಿರ.

ಆ ಬುಡಕ್ಕೆ ಹೋಗಲು 260 ಆಸುಪಾಸು ಮೆಟ್ಟಿಲು ಇಳಿಯಬೇಕು. ಹೋಗಿ ಬರಲು ಎರಡು ಕಿಲೋಮೀಟರ್. ನಾವು ತಪ್ಪು ಮಾಡಿದ್ದು ಇಲ್ಲಿಯೇ. ಅತ್ತೆ ಊರಿನಿಂದ ಬಂದಿದ್ದರು. ಇಳಿಯುವಾಗ "ಏನೂ ಕಷ್ಟ ಇಲ್ಲ ಬಿಡಪ್ಪ" ಅಂದರು. ಇಳಿಯುವಾಗ ಯಾರಿಗೂ ಕಷ್ಟ ಇರುವುದಿಲ್ಲ. ವಾಪಸ್ ಹತ್ತುವಾಗ ನೂರು ಮೆಟ್ಟಿಲಿಗೆ ಅವರ ಮುಖ ಕೆಂಪಗಾಯಿತು, ಕಂಬಿ ಹಿಡಿದು ನಿಂತುಬಿಟ್ಟರು. ಒಂದು ಗಂಟೆ ಹಿಡಿಯಿತು ಅವರನ್ನು ಮೇಲೆ ತರಲು. ಜೊತೆಗೆ ಹತ್ತುತ್ತಿದ್ದ ಅಪರಿಚಿತ ಹೆಂಗಸೊಬ್ಬರು ತಮ್ಮ ನೀರಿನ ಬಾಟಲಿ ಕೊಟ್ಟು, ಪ್ರತಿ ತಿರುವಿನಲ್ಲೂ ನಿಂತು ಕಾದರು. ಮರುದಿನ ಅತ್ತೆಗೆ ಹಾಸಿಗೆಯಿಂದ ಏಳಲು ಆಗಲಿಲ್ಲ, ಮಿಕ್ಕ ಪ್ರವಾಸ ಅಲ್ಲಿಗೇ ಮುಗಿಯಿತು.

ಅದೇ ಕಾರ್ ಪಾರ್ಕ್‌ನಿಂದ ಇನ್ನೊಂದು ದಾರಿ ಇದೆ ಅಂತ ನಮಗೆ ಆಮೇಲೆ ಗೊತ್ತಾಯಿತು. ಹೆಚ್ಚುಕಮ್ಮಿ ಸಮತಟ್ಟಾದ ಹಾದಿ, ಹೋಗಿ ಬರಲು ಎರಡು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ, ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಹೋಗುವಷ್ಟು ನಯ. ಅದರ ತುದಿಯ ಲುಕ್‌ಔಟ್‌ನಿಂದ ಇಡೀ ಜಲಪಾತ ಎದುರಿಗೆ ಕಾಣುತ್ತದೆ. ಫೋಟೊ ಕೂಡ ಅಲ್ಲಿಂದಲೇ ಚೆನ್ನಾಗಿ ಬರುತ್ತದೆ, ಕೆಳಗೆ ನಿಂತರೆ ಲೆನ್ಸ್ ಒದ್ದೆ. ಅರವತ್ತು ದಾಟಿದವರು, ಬಿಪಿ ಇರುವವರು, ಬಸುರಿಯರು, ಎರಡು ವರ್ಷದ ಮಗು ಎತ್ತಿಕೊಂಡವರು ದಯವಿಟ್ಟು ಲುಕ್‌ಔಟ್ ದಾರಿ ಹಿಡಿಯಿರಿ. ಉಳಿದವರು ಇಳಿದು ಬರಲಿ.

ಕೆಳಗೆ ಇಳಿದವರಿಗೆ ಇನ್ನೊಂದು ಮಾತು. ಆ ಗುಂಡಿಯಲ್ಲಿ ಈಜುವುದಕ್ಕೆ ನಿಷೇಧ ಇದೆ. ನೀರು ಶಾಂತವಾಗಿ ಕಾಣುತ್ತದೆ, ಆದರೆ ತಳದ ಬಂಡೆ ಜಾರುತ್ತದೆ, ನೀರು ಐಸ್ ಥರ ತಣ್ಣಗಿರುತ್ತದೆ. ಬೋರ್ಡು ಸುಮ್ನೆ ಹಾಕಿಲ್ಲ.

ಸಮಯ ಇದ್ದರೆ ಜಲಪಾತದಿಂದ ಕೆಳಗೆ ಹೊಳೆ ಜೊತೆಗೇ ನಡೆಯುವ ಹಾದಿಯೂ ಇದೆ, ಜುಮ್‌ಸ್ಟೈನ್ ಅನ್ನುವ ಕಡೆಗೆ. ಹೋಗಿ ಬರಲು ಏಳು ಕಿಲೋಮೀಟರ್. ವಾಲ್ಟರ್ ಜುಮ್‌ಸ್ಟೈನ್ ಒಬ್ಬ ಜೇನು ಸಾಕುವವನು, ಕಳೆದ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಬಂದು ನೆಲೆಸಿ, ಮಣ್ಣು ಬಡಿದು ಗೋಡೆ ಎಬ್ಬಿಸಿ, ಪ್ರವಾಸಿಗರಿಗೆ ಅಂತ ಪುಟ್ಟ ಮನೆಗಳನ್ನು ಕಟ್ಟಿಸಿದ್ದ. ಜನಜಂಗುಳಿ ಬೇಡ ಅನ್ನುವವರಿಗೆ ಜಲಪಾತಕ್ಕಿಂತ ಈ ಹೊಳೆಯ ದಾರಿಯೇ ಇಷ್ಟವಾಗಬಹುದು.

ಬೊರೊಕಾನಾ, ರೀಡ್ ಲುಕ್‌ಔಟಾ?

ಇವೆರಡೂ ಬೆಟ್ಟದ ಮೇಲಿಂದ ನೋಟ ನೋಡುವ ಜಾಗ, ಕಾರಿನಿಂದ ಇಳಿದು ಕೆಲವೇ ಹೆಜ್ಜೆ ನಡೆದರೆ ಸಿಗುತ್ತವೆ. ಎರಡೂ ನೋಡಿ. ಆದರೆ ಯಾವುದನ್ನು ಯಾವ ಹೊತ್ತಿಗೆ ಅನ್ನುವುದು ಮುಖ್ಯ, ಇದನ್ನು ಉಲ್ಟಾ ಮಾಡಿಕೊಂಡವರೇ ಜಾಸ್ತಿ.

ಬೊರೊಕಾ ಪೂರ್ವಕ್ಕೆ ಮುಖ ಮಾಡಿದೆ. ಕೆಳಗೆ ಹಾಲ್ಸ್ ಗ್ಯಾಪ್ ಕಣಿವೆ, ಬೆಲ್‌ಫೀಲ್ಡ್ ಕೆರೆ, ಅದರಾಚೆ ಗೋಧಿ ಹೊಲಗಳ ಬಯಲು. ಹಾಗಾಗಿ ಅದು ಬೆಳಗಿನ ಜಾಗ. ಚಳಿಗಾಲದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಹೋದರೆ ಕಣಿವೆ ತುಂಬ ಮಂಜು ಕೂತಿರುತ್ತದೆ, ಊರು ಕಾಣುವುದೇ ಇಲ್ಲ. ಬೆಳಕು ಏರಿದ ಹಾಗೆ ಮಂಜು ಹರಿದು, ಒಂದೊಂದೇ ಚಾವಣಿ ಕಾಣಲು ಶುರುವಾಗುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ.

ರೀಡ್ ಲುಕ್‌ಔಟ್ ಪಶ್ಚಿಮಕ್ಕೆ, ವಿಕ್ಟೋರಿಯಾ ಕಣಿವೆಯ ಕಡೆಗೆ. ಅದು ಸಂಜೆಯದು. ಅಲ್ಲಿಂದ ಒಂದು ಕಿಲೋಮೀಟರ್ ಸಲೀಸಾದ ಹಾದಿಯಲ್ಲಿ ನಡೆದರೆ ಬಾಲ್ಕನೀಸ್ ಸಿಗುತ್ತದೆ, ಒಂದರ ಮೇಲೊಂದು ಬಾಯಿ ತೆರೆದ ಹಾಗೆ ಚಾಚಿಕೊಂಡಿರುವ ಎರಡು ಬಂಡೆ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಹೊರಡಿ, ವಾಪಸ್ ಬರುವಾಗ ಟಾರ್ಚ್ ಬೇಕಾಗುತ್ತದೆ.

ಹಳೆಯ ಫೋಟೊಗಳಲ್ಲಿ ಜನ ಆ ಬಂಡೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿರುವುದು ನೋಡಿರುತ್ತೀರಿ. ಈಗ ಬೇಲಿ ಇದೆ, ದಾಟುವ ಹಾಗಿಲ್ಲ. ಈ ಬೆಟ್ಟಗಳಲ್ಲಿ ಒಂದು ಫೋಟೊಗಾಗಿ ಬೇಲಿ ದಾಟಿ ಜೀವ ಕಳೆದುಕೊಂಡವರಿದ್ದಾರೆ. ಮನೆಯವರು ಪಕ್ಕದಲ್ಲಿ ಫೋನ್ ಹಿಡಿದು ನಿಂತಿರುವಾಗ ಹಾಗಾಗುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿಮ್ಮ ಮಕ್ಕಳು ಹದಿಹರೆಯದವರಾದರೆ ಕಾರಿನಲ್ಲೇ ಈ ಮಾತು ಆಡಿ ಮುಗಿಸಿ.

ಮೌಂಟ್ ವಿಲಿಯಂ ಈ ಬೆಟ್ಟಸಾಲಿನಲ್ಲಿ ಎಲ್ಲಕ್ಕಿಂತ ಎತ್ತರ, 1,167 ಮೀಟರ್. ಆದರೆ ಅಲ್ಲಿ ನಡೆಯುವುದು ಡಾಂಬರು ರಸ್ತೆಯ ಮೇಲೆ, ಮೇಲೆ ಸಿಗುವುದು ಟವರುಗಳು. ನೋಟ ದೊಡ್ಡದು, ನಿಜ. ಎರಡು ದಿನಕ್ಕೆ ಬಂದವರು ಬಿಟ್ಟರೂ ನಡೆಯುತ್ತದೆ.

ಕಾಂಗರೂ: ದುಡ್ಡು ಕೊಟ್ಟು ನೋಡುವುದೋ, ಸುಮ್ನೆ ಹುಲ್ಲಿನಲ್ಲಿ ನಿಲ್ಲುವುದೋ

ಊರಿನಿಂದ ಬಂದವರು ಎಲ್ಲರೂ ಮೊದಲು ಕೇಳುವುದು ಕಾಂಗರೂ. ಹಾಲ್ಸ್ ಗ್ಯಾಪ್‌ನಲ್ಲಿ ಅದಕ್ಕೆ ಟಿಕೆಟ್ ಬೇಕಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಊರಿನ ಆಟದ ಮೈದಾನದ ಹತ್ತಿರ ಹೋಗಿ ನಿಂತುಕೊಳ್ಳಿ. ಬೆಟ್ಟದ ಕಡೆಯಿಂದ ಹತ್ತು, ಇಪ್ಪತ್ತು, ಕೆಲವು ದಿನ ಅದಕ್ಕಿಂತ ಜಾಸ್ತಿ ಬೂದು ಕಾಂಗರೂಗಳು ಹುಲ್ಲು ಮೇಯಲು ಇಳಿದು ಬರುತ್ತವೆ. ಸದ್ದು ಮಾಡದೆ ಕೂತರೆ ಅವು ಹುಲ್ಲು ಕಚ್ಚಿ ಕೀಳುವ ಕರಕರ ಶಬ್ದ ಕೇಳುತ್ತದೆ. ಒಮ್ಮೆ ಒಂದು ತಾಯಿ ಕಾಂಗರೂ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಹೊಟ್ಟೆಯ ಚೀಲದಿಂದ ಎರಡು ಉದ್ದನೆ ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದವು, ತಲೆ ಎಲ್ಲಿದೆ ಅಂತ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಚೀಲ ಕುಲುಕಿತು, ಕಾಲು ಒಳಗೆ ಹೋಯಿತು, ಅದೇ ಬಾಯಿಯಿಂದ ಒಂದು ಪುಟ್ಟ ಮುಖ ಹೊರಗೆ ಬಂದು, ತಾಯಿ ಮೇಯುತ್ತಿದ್ದ ಹುಲ್ಲನ್ನೇ ತಾನೂ ಕಚ್ಚಿತು. ನನ್ನ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನೋಡುತ್ತಾ ನಿಂತಿದ್ದರು. ಆಸ್ಟ್ರೇಲಿಯಾದಲ್ಲಿ ಏನು ನೋಡಿದೆ ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಇದನ್ನೇ ಹೇಳುತ್ತಾರೆ.

ಬ್ರೆಡ್ಡು, ಚಪಾತಿ, ಬಿಸ್ಕತ್ತು ಏನೂ ಹಾಕಬೇಡಿ. ಅವುಗಳ ಬಾಯಿಗೆ, ಹೊಟ್ಟೆಗೆ ಅದು ರೋಗ ತರುತ್ತದೆ, ಮತ್ತೆ ಅಭ್ಯಾಸವಾದ ಕಾಂಗರೂ ಮಕ್ಕಳ ಕೈ ಮೇಲೆ ಹಾರುತ್ತದೆ. ದೊಡ್ಡ ಗಂಡು ಎದ್ದು ನೇರವಾಗಿ ನಿಂತಿತು ಅಂದರೆ ನಿಧಾನ ಹಿಂದೆ ಸರಿಯಿರಿ.

ಹಾಲ್ಸ್ ಗ್ಯಾಪ್ ಮೃಗಾಲಯ ಊರಿನಿಂದ ಸ್ವಲ್ಪ ದೂರ, ಪೊಮೊನಲ್ ಕಡೆ ಹೋಗುವ ರಸ್ತೆಯಲ್ಲಿ. ಅಲ್ಲಿ ಚೀತಾ, ಖಡ್ಗಮೃಗ, ಜಿರಾಫೆ ಇವೆ. ಐದು ವರ್ಷದೊಳಗಿನ ಮಕ್ಕಳಿದ್ದು, ಮಳೆ ಹಿಡಿದು ಬೆಟ್ಟದ ದಾರಿ ಜಾರುತ್ತಿರುವ ದಿನವಾದರೆ ಅರ್ಧ ದಿನ ಅಲ್ಲಿ ಕಳೆಯುವುದು ಒಳ್ಳೆಯದೇ. ಕಾಂಗರೂ, ಎಮು ನೋಡಲು ಮಾತ್ರ ಅಂತ ಟಿಕೆಟ್ ತೆಗೆಯಬೇಡಿ, ಅವು ರಸ್ತೆ ಬದಿಯಲ್ಲೇ ಸಿಗುತ್ತವೆ.

ಸಿಗುತ್ತವೆ ಅನ್ನುವುದೇ ಒಂದು ಎಚ್ಚರಿಕೆ ಕೂಡ. ಹೊತ್ತು ಮುಳುಗಿದ ಮೇಲೆ ಈ ರಸ್ತೆಗಳಲ್ಲಿ ಕಾರು ಓಡಿಸುವುದು ಆದಷ್ಟು ತಪ್ಪಿಸಿ. ಕಾಂಗರೂ ಹೆಡ್‌ಲೈಟ್ ನೋಡಿ ಓಡಿಹೋಗುವುದಿಲ್ಲ, ಬೆಳಕಿನೊಳಗೇ ಹಾರುತ್ತದೆ. ರೀಡ್‌ನಲ್ಲಿ ಸೂರ್ಯಾಸ್ತ ನೋಡಿ ವಾಪಸ್ ಬರುವವರು ಐವತ್ತರ ಮೇಲೆ ಹೋಗಬೇಡಿ. ಬಾಡಿಗೆ ಕಾರಾದರೆ ಪ್ರಾಣಿ ಗುದ್ದಿದ ನಷ್ಟಕ್ಕೆ ಇನ್ಶೂರೆನ್ಸ್ ಇದೆಯಾ ಅಂತ ಮೊದಲೇ ಓದಿಕೊಳ್ಳಿ, ಎಷ್ಟೋ ಕಡೆ ರಾತ್ರಿ ಹೊತ್ತಿನದು ಸೇರಿರುವುದಿಲ್ಲ.

ಪುಟ್ಟ ಮಕ್ಕಳಿಗೆ, ಸುಸ್ತಾದವರಿಗೆ

ಬೆಟ್ಟ ಬೇಡ, ನೀರಿನಲ್ಲಿ ಕಾಲಾಡಿಸಬೇಕು ಅಂದರೆ ವೀನಸ್ ಬಾತ್ಸ್. ಊರಿನಿಂದಲೇ ನಡೆದು ಸುತ್ತಿ ಬರಬಹುದು, ಎರಡು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ. ಸ್ಟೋನಿ ಕ್ರೀಕ್ ಹಳ್ಳ ಬಂಡೆಯಲ್ಲಿ ಕೊರೆದ ಬಟ್ಟಲಿನಂಥ ಗುಂಡಿಗಳು. ಬೇಸಿಗೆಯ ಕೊನೆಗೆ ನೀರು ತೀರಾ ಕಮ್ಮಿ. ದೊಡ್ಡ ಕೆರೆ, ದೋಣಿ, ಈಜು ಬೇಕಾದರೆ ಫೈಯನ್ಸ್ ಕೆರೆಗೆ ಹೋಗಿ.

ಇದರ ಉಲ್ಟಾ ತುದಿಯಲ್ಲಿ ಗ್ರ್ಯಾಂಪಿಯನ್ಸ್ ಪೀಕ್ಸ್ ಟ್ರೇಲ್ ಇದೆ, 2021ರ ನವೆಂಬರ್‌ನಲ್ಲಿ ಪೂರ್ತಿ ತೆರೆದದ್ದು. ಉತ್ತರದ ಮೌಂಟ್ ಜೀರೊದಿಂದ ದಕ್ಷಿಣದ ಡಂಕೆಲ್ಡ್ ತನಕ 160 ಕಿಲೋಮೀಟರ್, 13 ದಿನ. ನಾನು ಅದರ ಒಂದು ದಿನದ ತುಂಡು ಮಾತ್ರ ನಡೆದಿದ್ದೇನೆ. ಕುಮಾರಪರ್ವತ ಹತ್ತಿ ಅಭ್ಯಾಸ ಇರುವವರು ಎರಡು ರಾತ್ರಿಯ ಭಾಗ ಆರಿಸಿಕೊಳ್ಳಬಹುದು. ಕ್ಯಾಂಪ್ ಜಾಗ ಮುಂಚೆಯೇ ಉದ್ಯಾನ ನೋಡಿಕೊಳ್ಳುವ ಪಾರ್ಕ್ಸ್ ವಿಕ್ಟೋರಿಯಾ ಸಂಸ್ಥೆಯಲ್ಲಿ ಬುಕ್ ಮಾಡಬೇಕು.

ಯಾವ ತಿಂಗಳು?

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಇಡೀ ಬೆಟ್ಟ ಕಾಡುಹೂವಿನಿಂದ ತುಂಬಿರುತ್ತದೆ, ಜಲಪಾತದಲ್ಲಿ ನೀರೂ ಚೆನ್ನಾಗಿರುತ್ತದೆ. ಎರಡನೆಯದು ಏಪ್ರಿಲ್, ಬಿಸಿಲೂ ಚಳಿಯೂ ಹಿತ. ಈಸ್ಟರ್‌ಗೆ ಹೋದರೆ ರೂಮು ಸಿಗುವುದು ಕಷ್ಟ, ಯಾಕೆಂದರೆ 25 ಕಿಲೋಮೀಟರ್ ದೂರದ ಸ್ಟಾವೆಲ್ ಪಟ್ಟಣದಲ್ಲಿ ಅದೇ ವಾರಾಂತ್ಯ ಸ್ಟಾವೆಲ್ ಗಿಫ್ಟ್ ಓಟ ನಡೆಯುತ್ತದೆ. 1878ರಲ್ಲಿ ಚಿನ್ನದ ಗಣಿ ಕಾಲದಲ್ಲಿ ಶುರುವಾದ 120 ಮೀಟರ್ ಓಟ ಅದು. ಹುಲ್ಲಿನ ಮೇಲೆ, ಸ್ವಲ್ಪ ಏರಿನಲ್ಲಿ ಓಡುತ್ತಾರೆ, ವೇಗದವರನ್ನು ಹಿಂದೆ ನಿಲ್ಲಿಸಿ, ನಿಧಾನದವರನ್ನು ಮುಂದೆ ನಿಲ್ಲಿಸುತ್ತಾರೆ. ಓಟ ಇಷ್ಟಪಡುವವರು ಬೇಕೆಂದೇ ಆ ವಾರ ಹೋಗಿ, ಶಾಂತಿ ಬೇಕಾದವರು ಮುಂದಿನ ವಾರ ಹೋಗಿ.

ಚಳಿಗಾಲ ಕಷ್ಟ ಅನ್ನುವವರಿದ್ದಾರೆ. ಜೂನ್‌ನಲ್ಲಿ ಹೋಗಿದ್ದೇವೆ, ಹಗಲು ಹತ್ತು ಹನ್ನೆರಡು ಡಿಗ್ರಿ, ನಡೆಯಲು ಅದೇ ಒಳ್ಳೆಯದು. ಸ್ವೆಟರ್ ಜೊತೆ ಮಳೆ ಕೋಟು ಕೂಡ ಇರಲಿ.

ನಾನು ಬೇಡ ಅನ್ನುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಸೆಖೆ ಒಂದು ಕಾರಣ, 40 ಡಿಗ್ರಿ ಮುಟ್ಟುತ್ತದೆ. ದೊಡ್ಡ ಕಾರಣ ಬೆಂಕಿ. 2024ರ ಫೆಬ್ರವರಿಯಲ್ಲಿ ಪಕ್ಕದ ಪೊಮೊನಲ್‌ನಲ್ಲಿ 40ಕ್ಕೂ ಹೆಚ್ಚು ಮನೆ ಸುಟ್ಟುಹೋದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಟ್ಟಕ್ಕೇ ಬೆಂಕಿ ಬಿದ್ದು 70,000 ಹೆಕ್ಟೇರ್‌ಗೂ ಜಾಸ್ತಿ ಕಾಡು ಉರಿಯಿತು, ಕ್ರಿಸ್‌ಮಸ್ ಹೊತ್ತಿನಲ್ಲಿ ಹಾಲ್ಸ್ ಗ್ಯಾಪ್ ಜನ ಊರು ಬಿಟ್ಟು ಹೋಗಬೇಕಾಯಿತು. ಊರು ಉಳಿಯಿತು. ಆದರೆ ಇಡೀ ವರ್ಷದ ದುಡಿಮೆ ಈ ರಜೆಯ ವಾರಗಳನ್ನೇ ನಂಬಿಕೊಂಡಿರುವ ಅಂಗಡಿ, ಕ್ಯಾಬಿನ್ ನಡೆಸುವವರ ಪಾಡು ಯೋಚನೆ ಮಾಡಿ. ಅದಕ್ಕೇ, ಸುಟ್ಟ ಕಾಡು ಏನು ನೋಡುವುದು ಅಂತ ಹಿಂಜರಿಯುವವರಿಗೆ ನಾನು ಹೋಗಿ ಅಂತಲೇ ಹೇಳುತ್ತೇನೆ. ಬೆಂಕಿ ಹೋದ ಮೇಲಿನ ಕಾಡು ನೋಡುವಂಥದ್ದು. ಇದ್ದಿಲಿನ ಹಾಗೆ ಕಪ್ಪಾದ ನೀಲಗಿರಿ ಮರದ ಬೊಡ್ಡೆಯಿಂದಲೇ, ಕೊಂಬೆಗೆ ಕಾಯದೆ, ತಿಳಿಗೆಂಪು ಚಿಗುರು ಗುಚ್ಛ ಗುಚ್ಛವಾಗಿ ಹೊರಡುತ್ತದೆ. ಕೈಯಿಟ್ಟರೆ ಬೆರಳಿಗೆ ಮಸಿ, ಅದರ ಪಕ್ಕದಲ್ಲೇ ಎಳೆ ಎಲೆ.

ಬೇಸಿಗೆಯಲ್ಲೇ ಹೋಗಬೇಕಾದರೆ ವಿಕ್‌ಎಮರ್ಜೆನ್ಸಿ ಆ್ಯಪ್ ಫೋನಿನಲ್ಲಿರಲಿ. ಬೆಂಕಿ ಅಪಾಯದ ಮಟ್ಟ ನಾಲ್ಕು: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರೋಫಿಕ್. ಕೊನೆಯದು ಬಂದರೆ ಉದ್ಯಾನವನ್ನೇ ಮುಚ್ಚುತ್ತಾರೆ. ಎಕ್ಸ್‌ಟ್ರೀಮ್ ಅಂತ ಇದ್ದರೂ ನಾವಾದರೆ ಮನೆಯಲ್ಲೇ ಇರುತ್ತೇವೆ, ಬುಕಿಂಗ್ ದುಡ್ಡು ಹೋದರೆ ಹೋಗಲಿ. ಇನ್ನು ಯಾವ ತಿಂಗಳೇ ಆಗಲಿ, ಹೊರಡುವ ಹಿಂದಿನ ದಿನ ಪಾರ್ಕ್ಸ್ ವಿಕ್ಟೋರಿಯಾ ತಾಣದಲ್ಲಿ ಯಾವ ದಾರಿ ತೆರೆದಿದೆ ಅಂತ ನೋಡಿ. ಬೆಂಕಿ ಅಥವಾ ಮಳೆಯ ನಂತರ ತಿಂಗಳುಗಟ್ಟಲೆ ಮುಚ್ಚಿರುವುದುಂಟು. ಬೆಟ್ಟದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ, ನಕಾಶೆ ಮೊದಲೇ ಇಳಿಸಿಕೊಳ್ಳಿ.

ಉಳಿಯುವುದು ಎಲ್ಲಿ

ಹಾಲ್ಸ್ ಗ್ಯಾಪ್‌ನಲ್ಲೇ ಉಳಿದರೆ ಸಂಜೆಯ ಕಾಂಗರೂ, ಬೆಳಗಿನ ಬೊರೊಕಾ ಎರಡೂ ಕೈಗೆ ಹತ್ತಿರ. ಸ್ಟಾವೆಲ್‌ನಲ್ಲಿ ಉಳಿದರೆ ಸೂಪರ್‌ಮಾರ್ಕೆಟ್ ಇದೆ, ಬಾಡಿಗೆ ಸಾಮಾನ್ಯವಾಗಿ ಕಮ್ಮಿ, ಆದರೆ ಕತ್ತಲಲ್ಲಿ ರಸ್ತೆಗೆ ಇಳಿಯಲೇಬೇಕು. ಎರಡೇ ದಿನವಾದರೆ ಹಾಲ್ಸ್ ಗ್ಯಾಪ್‌ಗೆ ದುಡ್ಡು ಹಾಕಿ. ಅಡುಗೆಮನೆ ಇರುವ ಕ್ಯಾಬಿನ್ ಕೇಳಿ, ಪುಟ್ಟ ಊರು, ರಾತ್ರಿ ಊಟ ಬೇಗ ಮುಗಿದುಹೋಗುತ್ತದೆ. ನಾವು ಕುಕ್ಕರ್, ಸೋನಾಮಸೂರಿ, ಚಟ್ನಿಪುಡಿ, ಮೊಸರಿನ ಡಬ್ಬಿ ಇಲ್ಲದೆ ಹೊರಡುವುದೇ ಇಲ್ಲ.

ಕಲ್ಲಿನ ಮೇಲಿನ ಚಿತ್ರಗಳು: ಯಾವುದಕ್ಕೆ ಹೋಗುವುದು

ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ನಮ್ಮವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ, ನಾನು ಹೆಚ್ಚು ಒತ್ತಾಯ ಮಾಡುವುದೂ ಇದಕ್ಕೇ. ವಿಕ್ಟೋರಿಯಾದ ಬಂಡೆ ಚಿತ್ರಗಳಲ್ಲಿ ಬಹುಪಾಲು ಇರುವುದು ಈ ಬೆಟ್ಟಗಳಲ್ಲಿ. ಸಾರ್ವಜನಿಕರಿಗೆ ತೆರೆದಿರುವುದು ಕೆಲವೇ. ಉಳಿದವನ್ನು ಕಾಪಾಡಲು 2019ರಿಂದ ಎಷ್ಟೋ ಬಂಡೆಗಳಲ್ಲಿ ಕ್ಲೈಂಬಿಂಗ್ ಕೂಡ ನಿಲ್ಲಿಸಿದ್ದಾರೆ. ಅದರ ಬಗ್ಗೆ ಕ್ಲೈಂಬರ್‌ಗಳಿಗೆ ಬೇಸರ ಇದೆ, ಆದರೆ ನನ್ನ ಮನಸ್ಸು ಚಿತ್ರಗಳ ಕಡೆಗೇ.

ಮೊದಲು ಊರಿನ ಅಂಚಿನಲ್ಲಿರುವ, ಮೂಲನಿವಾಸಿಗಳ ಸಂಸ್ಕೃತಿಗೆ ಮೀಸಲಾದ ಬ್ರಾಂಬಕ್ ಕೇಂದ್ರದ ಕಟ್ಟಡ ನೋಡಿ. ಗ್ರೆಗರಿ ಬರ್ಗೆಸ್ ಅನ್ನುವ ವಾಸ್ತುಶಿಲ್ಪಿ ಇಲ್ಲಿನ ಮೂಲನಿವಾಸಿಗಳ ಜೊತೆ ಕೂತು ವಿನ್ಯಾಸ ಮಾಡಿದ್ದು, ಚಾವಣಿ ರೆಕ್ಕೆ ಬಿಚ್ಚಿದ ಕಾಕಟೂ ಹಕ್ಕಿಯ ಹಾಗಿದೆ.

ಆಮೇಲೆ ಆಯ್ಕೆ ಎರಡು. ಗುಲ್ಗರ್ನ್ ಮಾಂಜ ಬೆಟ್ಟಸಾಲಿನ ಉತ್ತರದ ತುದಿಯಲ್ಲಿದೆ, ಹಾಲೋ ಮೌಂಟನ್ ಹತ್ತಿರ. ಹೆಸರಿನ ಅರ್ಥ ಎಳೆಯರ ಕೈಗಳು. ಕಾರ್ ಪಾರ್ಕ್‌ನಿಂದ ಸ್ವಲ್ಪವೇ ನಡಿಗೆ, ಕೊನೆಯಲ್ಲಿ ಇಳಿಜಾರು ಬಂಡೆ. ಅಲ್ಲಿ ಕೆಮ್ಮಣ್ಣಿನಲ್ಲಿ ಅದ್ದಿ ಒತ್ತಿದ ಕೈ ಗುರುತುಗಳಿವೆ, ಹಲವು ಮಕ್ಕಳವು. ನಮ್ಮ ಊರಿನಲ್ಲಿ ಹೊಸ ಮನೆ ಬಾಗಿಲ ಪಕ್ಕ ಅರಿಸಿನ ಕುಂಕುಮದ ಕೈ ಒತ್ತುವುದು ನೆನಪಾಯಿತು. ಮಗಳು ಸರಳಿನ ಆಚೆಯಿಂದಲೇ ತನ್ನ ಕೈ ಎತ್ತಿ ಅಳತೆ ನೋಡಿದಳು. ಒಂದು ಗುರುತು ಅವಳ ಕೈಯಷ್ಟೇ ಇತ್ತು.

ಇನ್ನೊಂದು ಬುಂಜಿಲ್ ಆಶ್ರಯ, ಸ್ಟಾವೆಲ್‌ನಿಂದ ದಕ್ಷಿಣಕ್ಕೆ ಹತ್ತು ಹನ್ನೊಂದು ಕಿಲೋಮೀಟರ್. ಬುಂಜಿಲ್ ಅಂದರೆ ಈ ನೆಲ, ಜನ, ಕಟ್ಟಳೆ ಎಲ್ಲವನ್ನೂ ಮಾಡಿದವನು ಅಂತ ಇಲ್ಲಿಯವರ ನಂಬಿಕೆ. ಗುಂಡು ಬಂಡೆಯ ಹೊಟ್ಟೆಯಲ್ಲಿ ಅವನು ಕೂತಿದ್ದಾನೆ, ಪಕ್ಕದಲ್ಲಿ ಎರಡು ಡಿಂಗೊ ನಾಯಿ. ನಡೆಯುವುದು ಕೆಲವೇ ನಿಮಿಷ, ಮೆಟ್ಟಿಲಿನ ಕಾಟ ಇಲ್ಲ. ಹಿಂದೆ ಯಾರ್ಯಾರೋ ಗೀಚಿ ಹಾಳು ಮಾಡಿದ್ದರಿಂದ ಎದುರಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಅದರ ಸಂದಿನಿಂದ ನೋಡಬೇಕು.

ಒಂದು ದಿನ ಪೂರ್ತಿ ಕೈಯಲ್ಲಿದ್ದರೆ, ಮಕ್ಕಳಿದ್ದರೆ ಗುಲ್ಗರ್ನ್ ಮಾಂಜ. ವಯಸ್ಸಾದವರಿದ್ದರೆ, ಮೆಲ್ಬರ್ನ್‌ಗೆ ವಾಪಸ್ ಹೊರಟ ದಿನವಾದರೆ ಬುಂಜಿಲ್, ಹೆದ್ದಾರಿಗೆ ಹೋಗುವ ದಾರಿಯಲ್ಲಿ ಸಣ್ಣ ಸುತ್ತು ಅಷ್ಟೇ. ಹೋದ ಸಲ ನಾವು ಹಾಗೇ ಮಾಡಿದೆವು. ಮೆಕೆಂಜಿಯಲ್ಲಿ ಅಷ್ಟು ಕಷ್ಟಪಟ್ಟಿದ್ದ ಅತ್ತೆ ಮತ್ತೆ ಬಂದಿದ್ದರು. ಇಲ್ಲಿ ಅವರೇ ಎಲ್ಲರಿಗಿಂತ ಮುಂದೆ ನಡೆದು, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಜಾಲರಿ ಹಿಡಿದು ತುಂಬ ಹೊತ್ತು ನಿಂತರು.